ಏಳನೇ ಗುಂಪು

ನನ್ನ ಹೆಂಡತಿಯ ಕಥೆ ಹೇಳಬೇಕು ಅಂದ್ರೆ ಅವಳ ಗಂಟಲಿನಿಂದಲೇ ಶುರು ಮಾಡಬೇಕು. ಅವಳು ಮೂರನೇ ಕ್ಲಾಸಿನ ಟೀಚರು. ಸ್ಕೂಲಲ್ಲಿ ಮಗ್ಗಿ ಹೇಳಿಸಿದ್ರೆ ನಮ್ಮ ಬೀದಿ ನಾಯಿಗಳು ಎದ್ದು ಕೂರ್ತಿದ್ವು. ಬೀದಿಯವರು ಅವಳಿಗೆ ಮೈಕ್ ಮೇಡಂ ಅಂತ ಹೆಸರಿಟ್ಟಿದ್ರು. ಮದುವೆಯ ಹೊಸದರಲ್ಲಿ ಒಂದ್ಸಲ ನನ್ನ ಕಿವಿಯಲ್ಲಿ ಏನೋ ಗುಟ್ಟು ಹೇಳಿದ್ಲು. ನನಗೆ ಸರಿಯಾಗಿ ನೆನಪಿರಲಿಲ್ಲ, ಮಾರನೇ ದಿನ ಎದುರುಮನೆಯವರೇ ನೆನಪು ಮಾಡಿಕೊಟ್ರು.

ತಪ್ಪು ಅವಳದ್ದಲ್ಲ ಬಿಡಿ. ಅವಳು ಹುಟ್ಟಿದ ಮನೆ ತುಂಬ ಮಕ್ಕಳು. ಅಲ್ಲಿ ಜೋರಾಗಿ ಕೂಗಿದೋರ ತಟ್ಟೆಗೆ ಊಟ ಮೊದಲು ಬೀಳ್ತಿತ್ತು. ಅವಳಪ್ಪ, ಅಂದ್ರೆ ನಮ್ಮ ಮಾವ, ಈಗ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಕಿವಿ ಮಂದ. ಅವಳ ಕೂಗಿಗೆ ಅವರ ಕಿವಿ ಹೋಯ್ತೋ, ಅವರ ಕಿವಿಗಾಗಿ ಇವಳ ಕೂಗು ಬೆಳೀತೋ, ದೇವರೇ ಬಲ್ಲ. ಅಂಥ ಗಂಟಲು ಹೊತ್ತುಕೊಂಡು ಅವಳು ಟೀಚರಾಗದೆ ಇನ್ನೇನಾಗ್ತಾಳೆ? ಮೂರನೇ ಕ್ಲಾಸಿಗೆ ಹೋದವಳು ಅಲ್ಲೇ ಬೇರು ಬಿಟ್ಲು. ಮಕ್ಕಳು ಪಾಸಾಗಿ ಪಾಸಾಗಿ ಹೋದ್ವು, ಇವಳು ಮಾತ್ರ ವರ್ಷವರ್ಷವೂ ಮೂರನೇ ಕ್ಲಾಸಲ್ಲೇ ಉಳಿದ್ಲು. ಅದರಲ್ಲಿ ಅವಳಿಗೆ ಎಷ್ಟು ಸುಖ ಅಂದ್ರೆ, ರಜೆ ಬಂದ್ರೆ ಜ್ವರ ಬರ್ತಿತ್ತು.

ಈ ವರ್ಷ ಆ ಗಂಟಲು ಕೈ ಕೊಡ್ತು. ಡಾಕ್ಟರು ಬಾಯೊಳಗೆ ದೀಪ ಬಿಟ್ಟು ನೋಡಿ, ಒಳಗೆ ಗಂಟು ಕಟ್ಟಿದೆ, ಟರ್ಮು ಮುಗಿಯೋ ತನಕ ಮಾತಾಡಕೂಡದು, ಪಿಸುಮಾತೂ ಬೇಡ ಅಂದ್ರು. ಹಠ ಮಾಡಿದ್ರೆ ದನಿ ಪೂರ್ತಿ ಹೋಗುತ್ತೆ ಅಂತಾನೂ ಸೇರಿಸಿದ್ರು. ನಾನು ಒಳಗೊಳಗೇ ಖುಷಿಪಟ್ಟೆ ಅಂತ ನೀವು ಅಂದ್ಕೊಂಡ್ರೆ ತಪ್ಪೇನಿಲ್ಲ, ಎರಡು ದಿನ ಪಟ್ಟೆ. ಮೂರನೇ ದಿನ ಮನೆ ಬಿಕೋ ಅನ್ನೋಕೆ ಶುರುವಾಯ್ತು. ಬೈಸಿಕೊಳ್ಳದೆ ಉಂಡ ಊಟ ನನಗೆ ಮೈಗೆ ಹತ್ತಲಿಲ್ಲ.

ಅವಳ ಹೆಡ್ ಮೇಡಂ ಕೆಟ್ಟವರಲ್ಲ, ಆದರೆ ಅವರೂ ಏನು ಮಾಡ್ತಾರೆ? ಬಾಯಿ ಇಲ್ಲದ ಟೀಚರ್ ಕೈಲಿ ಮಕ್ಕಳನ್ನ ಹೇಗೆ ಬಿಡೋದು, ಆಫೀಸಲ್ಲಿ ಕೂತು ಫೈಲು ನೋಡ್ಕೊಳ್ಳಿ, ಮೂರನೇ ಕ್ಲಾಸಿಗೆ ಬೇರೆಯವರನ್ನ ಹಾಕ್ತೀನಿ ಅಂದ್ರು. ಒಂದ್ಸಲ ಕೈಬಿಟ್ಟ ಕ್ಲಾಸು ಮತ್ತೆ ಸಿಗೋದು ಅನುಮಾನ. ಇವಳು ಸ್ಲೇಟಿನ ಮೇಲೆ ಬರೆದೂ ಬರೆದೂ ಬೇಡಿಕೊಂಡ್ಲು. ಕೊನೆಗೆ ಹೆಡ್ ಮೇಡಂ ಒಂದು ಮಾತಿಗೆ ಒಪ್ಪಿದ್ರು. ತಿಂಗಳ ಕೊನೆಗೆ ಇನ್ಸ್‌ಪೆಕ್ಟರು ಬರ್ತಾರೆ, ಕ್ಲಾಸಲ್ಲಿ ಕೂತು ನೋಡ್ತಾರೆ. ನೀವು ಬಾಯಿ ಬಿಡದೆ ಪಾಠ ನಡೆದ್ರೆ ಕ್ಲಾಸು ನಿಮ್ಮದು, ಇಲ್ಲಾಂದ್ರೆ ಆಫೀಸು.

ಆ ಸ್ಕೂಲಿನ ಬೀರುವಿನಲ್ಲಿ ಆರು ಟ್ಯಾಬುಗಳು ಧೂಳು ತಿಂತಾ ಬಿದ್ದಿದ್ವು. ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದು. ಮಕ್ಕಳು ಇಪ್ಪತ್ತನಾಲ್ಕು, ಟ್ಯಾಬು ಆರು, ಕೊಟ್ರೆ ಕಿತ್ತಾಡ್ತಾವೆ ಅಂತ ಯಾರೂ ಮುಟ್ಟಿರಲಿಲ್ಲ. ಇವಳು ಹೋಗಿ ಬೀಗ ತೆಗೆಸಿದ್ಲು. ನಾಲ್ಕು ಮಕ್ಕಳಿಗೆ ಒಂದು ಟ್ಯಾಬು. ಒಬ್ಬ ಹಿಡಿಯೋನು, ಒಬ್ಬ ಓದೋನು, ಒಬ್ಬ ಒತ್ತೋನು, ಒಬ್ಬ ಒಪ್ಪಿಸೋನು. ನಾಲ್ಕೂ ಜನಕ್ಕೆ ಅರ್ಥವಾಗೋ ತನಕ ಒತ್ತೋನು ಉತ್ತರ ಒತ್ತೋ ಹಾಗಿಲ್ಲ. ಇವಳು ತನ್ನ ಫೋನಲ್ಲಿ ಟೈಪ್ ಮಾಡಿದ್ದನ್ನ ಟ್ಯಾಬುಗಳೇ ಗಟ್ಟಿಯಾಗಿ ಓದಿ ಹೇಳ್ತಿದ್ವು. ಗುಂಪುಗಳ ಉತ್ತರ ಎದುರಿನ ದೊಡ್ಡ ಪರದೆ ಮೇಲೆ ಕಾಣೋದು, ಒಪ್ಪಿಸಿದ ದನಿಯೂ ಕೇಳೋದು. ಎಲ್ಲಾ ಗುಂಪಿನ ಹೆಸರೂ ಹಸಿರಾದ್ರೆ ಮಾತ್ರ ಮುಂದಿನ ಲೆಕ್ಕ ತೆರೆಯೋದು. ಒಂದು ಗುಂಪು ತಪ್ಪಿದ್ರೆ ಮಿಕ್ಕವರು ಹೇಳಿಕೊಡಬೇಕು, ಇಲ್ಲಾಂದ್ರೆ ಎಲ್ಲರೂ ಅಲ್ಲೇ ಬಾಕಿ.

ಇದನ್ನೆಲ್ಲ ಮಕ್ಕಳ ಮೇಲೆ ಪ್ರಯೋಗ ಮಾಡೋಕೆ ಮುಂಚೆ ಮಾಡಿದ್ದು ಯಾರ ಮೇಲೆ ಹೇಳಿ? ನಮ್ಮ ಮೇಲೆ. ಮನೆಯ ಹಳೇ ಟ್ಯಾಬಿಗೂ ಅದೇ ಆ್ಯಪ್ ಹಾಕಿ ಅಡುಗೆಮನೆ ಬಾಗಿಲಿಗೆ ನೇತುಹಾಕಿದ್ಲು. ನನ್ನದು ಮಿಕ್ಸಿ, ಫ್ಯಾನು ರಿಪೇರಿ ಕೆಲಸ, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಹೀಗಾಗಿ ದಿನವಿಡೀ ಕೈಗೆ ಸಿಗೋ ವಿದ್ಯಾರ್ಥಿ ನಾನೇ. ನಾನು ಹಿಡಿಯೋನು. ಕಿವಿ ಕೇಳಿಸದ ಮಾವ ಓದೋನು. ಒತ್ತೋ ಅಧಿಕಾರ ನಮ್ಮಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ, ಟೀವಿ ರಿಮೋಟನ್ನೇ ಬಿಡದೋಳು ಇದನ್ನ ಬಿಡ್ತಾಳಾ? ಒಪ್ಪಿಸೋಕೆ ಜನ ಇರಲಿಲ್ಲ, ಪಕ್ಕದ ಮನೆ ಟೈಲರು ಅಂಗಿ ಕೊಡೋಕೆ ಬಂದು ಸಿಕ್ಕಿಹಾಕಿಕೊಂಡ. ಬೀಗರು ಬೀಗಿತ್ತಿ ದಿನಾ ಹಾವು ಮುಂಗುಸಿ. ಅವರಿಗೆ ಅರ್ಥವಾಗಿಲ್ಲ ಅಂತ ಇವರು, ಇವರಿಗೆ ಅರ್ಥವಾಗಿಲ್ಲ ಅಂತ ಅವರು. ಟೈಲರು ಆಮೇಲೆ ನಮ್ಮ ಬಾಗಿಲ ಮುಂದೆ ಬಗ್ಗಿಕೊಂಡು ಓಡಾಡೋಕೆ ಶುರು ಮಾಡಿದ.

ಇನ್ಸ್‌ಪೆಕ್ಟರು ಬಂದ ದಿನ ಇವಳು ಒರೆಸಿದ ಬೋರ್ಡನ್ನೇ ಮತ್ತೆ ಮತ್ತೆ ಒರೆಸ್ತಿದ್ಲಂತೆ. ಅವರು ಹಿಂದಿನ ಬೆಂಚಿನಲ್ಲಿ ಮಕ್ಕಳ ಮಧ್ಯೆ ಮಂಡಿ ಮಡಚಿಕೊಂಡು ಕೂತ್ರು, ಪಕ್ಕದಲ್ಲಿ ಹೆಡ್ ಮೇಡಂ. ಪಾಠ ಶುರು ಮಾಡಬೇಕು ಅನ್ನೋವಾಗ ನಮ್ಮ ಮಹಾತಾಯಿಗೆ ನೆನಪಾಗಿದ್ದು ಸಣ್ಣ ಉರಿಯಲ್ಲಿ ಒಲೆ ಮೇಲಿಟ್ಟು ಬಂದ ಹಾಲು. ಬೇಗಬೇಗ ಮನೆಯ ಟ್ಯಾಬಿಗೆ ಅಂತ ಒಂದು ಸಂದೇಶ ಟೈಪ್ ಮಾಡಿದ್ಲು. ಗಾಬರಿಯಲ್ಲಿ ಬೆರಳು ಬಿದ್ದಿದ್ದು ‘ಎಲ್ಲರಿಗೂ’ ಅನ್ನೋ ಗುಂಡಿ ಮೇಲೆ.

ಆರು ಟ್ಯಾಬುಗಳು ಒಂದರ ಹಿಂದೆ ಒಂದು ಕೂಗಿದ್ವು: “ಹಾಲು ಉಕ್ಕುತ್ತೆ. ಸೋಮಾರಿ ಹಾಗೆ ಕೂತ್ಕೋಬೇಡಿ. ಎದ್ದು ಒಲೆ ಆರಿಸಿ.”

ಇನ್ಸ್‌ಪೆಕ್ಟರು ಅರ್ಧ ಎದ್ದೇಬಿಟ್ರಂತೆ. ಮಕ್ಕಳಿಗೆ ಮಾತ್ರ ಒಂಚೂರೂ ಆಶ್ಚರ್ಯವಾಗಲಿಲ್ಲ. ಮೇಡಂ ಕಳಿಸಿದ್ದು ಅಂದ ಮೇಲೆ ಅದೊಂದು ಲೆಕ್ಕ, ಲೆಕ್ಕ ಅಂದ ಮೇಲೆ ನಾಲ್ಕು ಜನ ಸೇರಿ ಬಿಡಿಸಬೇಕು. ಒಂದು ಗುಂಪು ಒಲೆ ಹುಡುಕೋಕೆ ಹೊರಟಿತು. ಇನ್ನೊಂದು, ಹಾಲು ಎಷ್ಟು ಲೀಟರು ಅಂತ ಹೇಳಿಲ್ಲ, ಲೆಕ್ಕವೇ ತಪ್ಪು ಅಂತ ತೀರ್ಮಾನಿಸಿತು. ಇವಳ ಗಂಟಲ ತನಕ ಒಂದು ಕೂಗು ಬಂದು ನಿಂತಿತ್ತು. ಬಿಟ್ಟಿದ್ರೆ ಮಕ್ಕಳೆಲ್ಲ ತಣ್ಣಗೆ ಕೂರ್ತಿದ್ವು, ಕ್ಲಾಸೂ ಕೈತಪ್ಪಿ ಹೋಗ್ತಿತ್ತು. ಸೆರಗು ಬಾಯಿಗೆ ತುರುಕಿಕೊಂಡು ನಿಂತ್ಲಂತೆ. ಆಮೇಲೆ ಆ ದಿನದ ನಿಜವಾದ ಲೆಕ್ಕ ಕಳಿಸಿದ್ಲು. ಒಂದು ದೋಣಿಯಲ್ಲಿ ನಾಲ್ಕು ಜನ ಕೂರಬಹುದು. ಹದಿನೆಂಟು ಜನ ಒಟ್ಟಿಗೇ ನದಿ ದಾಟಬೇಕು. ಎಷ್ಟು ದೋಣಿ ಬೇಕು?

‘ಎಲ್ಲರಿಗೂ’ ಗುಂಡಿ ಇನ್ನೂ ಹಾಗೇ ಇತ್ತು ಅನ್ನೋದು ಅವಳಿಗೆ ಗೊತ್ತಾಗಲೇ ಇಲ್ಲ.

ಇಲ್ಲಿ ಮನೆಯಲ್ಲಿ ನಾವು ಹಾಲು ಇಳಿಸಿ ಉಸ್ಸಪ್ಪಾ ಅಂತ ಕೂತಿದ್ವಿ. ಟ್ಯಾಬು ದೋಣಿ ಲೆಕ್ಕ ಕೇಳ್ತು. ಇನ್ಸ್‌ಪೆಕ್ಟರು ಬರೋ ದಿನ ಅಂತ ನಮಗೆಲ್ಲ ಗೊತ್ತಿತ್ತು, ಬೇಕು ಅಂತಲೇ ನಮಗೂ ಕಳಿಸಿದ್ದಾಳೆ, ಅವಳ ಮರ್ಯಾದೆ ನಮ್ಮ ಕೈಲಿದೆ ಅಂತ ನಮ್ಮಮ್ಮ ಸೊಂಟ ಕಟ್ಟಿ ನಿಂತ್ಲು. ನಾನು ಓಡಿಹೋಗಿ ಟೈಲರನ್ನ ಕತ್ತರಿ ಸಮೇತ ಎಳ್ಕೊಂಡು ಬಂದೆ.

ಐದು ದೋಣಿ ಇರಬೇಕು ಅಂತ ನಾನು ಬಾಯಿ ತೆಗೆದೆ. ಹಿಡಿಯೋನು ಹಿಡ್ಕೊಂಡಿರಬೇಕು, ಮೂಗು ತೂರಿಸಬಾರದು ಅಂದ್ಲು ಅಮ್ಮ. ಬರೀ ಇಬ್ಬರಿಗೋಸ್ಕರ ಇಡೀ ದೋಣಿ ದಂಡ ಅಂತ ಅವಳ ವಾದ. ಮಾವನ ಪ್ರಕಾರ ಆ ಇಬ್ಬರು ಈಜಿಕೊಂಡು ಬರಲಿ, ಮೈಗೆ ಒಳ್ಳೇದು. ಟೈಲರು ಅಳತೆಯ ಮನುಷ್ಯ, ಎಲ್ಲರೂ ಒಂಚೂರು ಒತ್ತಿ ಕೂತ್ರೆ ಆಯ್ತು, ಬಟ್ಟೆಯಲ್ಲಾದ್ರೆ ನಾನು ಹಾಗೇ ಹೊಂದಿಸ್ತೀನಿ ಅಂದ. ಇಷ್ಟು ವರ್ಷದಲ್ಲಿ ಮೊದಲ ಸಲ ಬೀಗರು ಬೀಗಿತ್ತಿ ಒಂದೇ ಮಾತಿಗೆ ಬಂದ್ರು. ಅಮ್ಮ ನಾಲ್ಕು ಅಂತ ಒತ್ತಿದ್ಲು. ಟೈಲರು ಮೈಕಿನಲ್ಲಿ ಒಪ್ಪಿಸಿದ, ಉಳಿದ ಇಬ್ಬರನ್ನ ತೊಡೆ ಮೇಲೆ ಕೂರಿಸಿಕೊಳ್ಳಬಹುದು ಅಂತ.

ಕ್ಲಾಸಿನ ಪರದೆ ಮೇಲೆ ಆರು ಗುಂಪೂ ಹಸಿರಾಗಿದ್ವು. ಅವುಗಳ ಕೆಳಗೆ ಏಳನೇ ಗುಂಪು ಅಂತ ಒಂದು ಬಂತು, ಕೆಂಪಗೆ. ಹಿಂದೆಯೇ ಟೈಲರನ ದನಿ, ಅದರ ಹಿಂದೆ ಒತ್ತಿ ಕೂತ್ಕೊಳ್ರೋ ಅಂತ ನಮ್ಮಮ್ಮನ ದನಿ. ಇವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ಆ ಗುಂಪನ್ನ ತೆಗೆಯೋದು ಹೇಗೆ ಅಂತ ಅವಳಿಗೆ ಗೊತ್ತಿಲ್ಲ. ಮುಂದಿನ ಲೆಕ್ಕ ತೆರೀತಿಲ್ಲ. ಇನ್ಸ್‌ಪೆಕ್ಟರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ಇಷ್ಟು ಸಾಕು, ನಡೀರಿ ಅಂತ ಹೆಡ್ ಮೇಡಂಗೆ ಹೇಳಿ ಎದ್ದು ನಿಂತ್ರು. ಮುಗೀತು, ಆಫೀಸೇ ಗತಿ ಅಂತ ಇವಳು ಕಣ್ಣು ಮುಚ್ಚಿಕೊಂಡ್ಲು.

ಆಗ ಮುಂದಿನ ಗುಂಪಿನ ಹಲ್ಲುಬಿದ್ದ ಹುಡುಗಿಯೊಬ್ಬಳು ಇನ್ಸ್‌ಪೆಕ್ಟರಿಗೆ ಅಡ್ಡ ನಿಂತ್ಲು.

“ಸರ್, ಸ್ವಲ್ಪ ಕೂತ್ಕೊಳ್ಳಿ. ಅಜ್ಜಿಗೆ ಇನ್ನೂ ಅರ್ಥ ಆಗಿಲ್ಲ.”

ಅವರು ಕೂತ್ರು. ಕೂತವರ ಬೆಂಚನ್ನೂ ಮಕ್ಕಳು ಬಿಡಲಿಲ್ಲ, ದೋಣಿಗೆ ಬೇಕು ಅಂತ ಎಬ್ಬಿಸಿ ಎಳ್ಕೊಂಡು ಹೋದ್ವು. ಕೊನೆಗೆ ಇನ್ಸ್‌ಪೆಕ್ಟರು ಕಸದ ಬುಟ್ಟಿ ಬೋರಲು ಹಾಕಿಕೊಂಡು ಕೂತಿದ್ರು ಅಂತ ಹೆಡ್ ಮೇಡಂ ಆಮೇಲೆ ನಗ್ತಾ ಹೇಳಿದ್ರು. ಯಾರೂ ಯಾರಿಗೂ ಅಪ್ಪಣೆ ಕೊಡಲಿಲ್ಲ. ಆರೂ ಗುಂಪು ಕಲೆತು ಕೆಲಸ ಹಂಚಿಕೊಂಡ್ವು. ಒಬ್ಬ ಟ್ಯಾಬಿನಲ್ಲಿ ವಿಡಿಯೋ ತೆಗೆದ, ಒಬ್ಬಳು ವಿವರಿಸಿದ್ಲು, ಒಬ್ಬ ಬರೀ ಅಲೆಯಾಗಿ ನೆಲದ ಮೇಲೆ ಹೊರಳಾಡಿದ.

ಆ ವಿಡಿಯೋ ನಮ್ಮ ಅಡುಗೆಮನೆ ಬಾಗಿಲಿಗೆ ಬಂತು. ನಾಲ್ಕು ಬೆಂಚು, ಒಂದೊಂದರಲ್ಲಿ ನಾಲ್ಕು ನಾಲ್ಕು ಮಕ್ಕಳು, ಕೈಯಲ್ಲಿ ಅಡಿಪಟ್ಟಿ ಹುಟ್ಟು. ಒಂದು ಬೆಂಚಿನಲ್ಲಿ ತೊಡೆ ಮೇಲೆ ಕೂರಿಸಿ ನೋಡಿದ್ರು, ದೋಣಿಯೇ ಮಗುಚಿ ಎಲ್ಲರೂ ಅಲೆಯ ಮೇಲೆ ಬಿದ್ರು. ಅಲೆ ಅಯ್ಯಪ್ಪಾ ಅಂತು. ಮಾವ ಬಿದ್ದೂ ಬಿದ್ದೂ ನಕ್ರು. ಆಮೇಲೆ ನಾಲ್ಕು ದೋಣಿ ಹೊರಟ ಹಾಗೆ ಎಲ್ಲರೂ ಟಾಟಾ ಮಾಡಿದ್ರು. ಬೋರ್ಡಿನ ಕೆಳಗೆ ಇಬ್ಬರು ಚಿಕ್ಕ ಮಕ್ಕಳು ಕೈಕೈ ಹಿಡ್ಕೊಂಡು ನಿಂತೇ ಇದ್ವು. ಅದರಲ್ಲೊಂದು ಸೀದಾ ನಮ್ಮ ಕಡೆ ನೋಡಿ ಕೇಳ್ತು.

“ಅಜ್ಜಿ, ನಮ್ಮಿಬ್ಬರನ್ನ ಇಲ್ಲೇ ಬಿಟ್ಟು ಹೋಗ್ತೀರಾ?”

ನಮ್ಮಮ್ಮನ ನಗು ಅಲ್ಲೇ ನಿಂತುಹೋಯ್ತು. ಟ್ಯಾಬಿನ ಹತ್ತಿರ ಹೋಗಿ ಮತ್ತೆ ನೋಡಿದ್ಲು. ಆಮೇಲೆ ನಮ್ಮ ಮೂವರ ಮೇಲೂ ಹರಿಹಾಯ್ದಳು. ನಿಮಗೇನು ಮೈಯಲ್ಲಿ ಮನುಷ್ಯತ್ವ ಇದೆಯಾ, ಈಜಿಕೊಂಡು ಬರಬೇಕಂತೆ ಆ ಕೂಸುಗಳು, ಇನ್ನೊಂದು ದೋಣಿಗೆ ಬರಗಾಲವಾ ಅಂತ. ದಂಡ ಅಂದಿದ್ದು ನೀನೇ ಕಣಮ್ಮ ಅಂತ ನೆನಪಿಸೋಕೆ ನನಗೆ ಧೈರ್ಯ ಬರಲಿಲ್ಲ. ಐದು ಅಂತ ಒತ್ತಿದ್ಲು. ಎಲ್ಲಿ ಸರಿಯಾಗಿ ಬೀಳಲಿಲ್ಲವೋ ಅಂತ ಮೂರು ಸಲ ಒತ್ತಿದ್ಲು.

ಸಂಜೆ ನನ್ನ ಹೆಂಡತಿ ಬಂದವಳೇ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಕೂತು ಕಣ್ಣೀರು ಸುರಿಸಿದ್ಲು. ದನಿಯಿಲ್ಲದ ಅಳು ನೋಡೋಕೆ ಬಹಳ ಕಷ್ಟ. ಕ್ಲಾಸು ಹೋಯ್ತು ಅಂತಲೇ ನಾವೆಲ್ಲ ತಿಳ್ಕೊಂಡ್ವಿ. ಅಮ್ಮ ಇನ್ಸ್‌ಪೆಕ್ಟರನ ವಂಶವನ್ನೆಲ್ಲ ಜಾಲಾಡಿ, ನಾಳೆ ನಾನೇ ಹೋಗಿ ವಿಚಾರಿಸ್ತೀನಿ ಅಂತ ಎದ್ದು ನಿಂತ್ಲು. ಇವಳು ಸ್ಲೇಟು ತೆಗೆದು, ಕ್ಲಾಸು ನನಗೇ ಉಳೀತು ಅಂತ ಬರೆದು ತೋರಿಸಿದ್ಲು. ಕೆಳಗೆ ಸಣ್ಣದಾಗಿ ಬರೆದಿದ್ಲು, ಇನ್ಸ್‌ಪೆಕ್ಟರು ಮುಂದಿನ ತಿಂಗಳು ಮತ್ತೆ ಬರ್ತಾರಂತೆ, ದಡದಲ್ಲಿ ಉಳಿಯೋ ಮಗುವಿನ ಪಾತ್ರ ಅವರಿಗೆ ಬೇಕಂತೆ ಅಂತ. ನಾನು ಕುಣಿದೇಬಿಟ್ಟೆ. ಮಾವನಿಗೆ ಏನು ಬರೆದಿದೆ ಅಂತ ಟೈಲರು ಕಿವಿಯಲ್ಲಿ ಕೂಗ್ತಾ ಇದ್ದ.

ಅಮ್ಮ ಮಾತ್ರ ಸ್ಲೇಟು ಪಕ್ಕಕ್ಕೆ ಸರಿಸಿ ಸೊಸೆಯ ಎದುರು ಕುಕ್ಕರಗಾಲಲ್ಲಿ ಕೂತ್ಲು.

“ಅದಿರಲಿ ಕಣೇ, ಆ ಎರಡು ಮಕ್ಕಳು ದಾಟಿದ್ವಾ?”

ದಾಟಿದ್ವು ಅಂತ ನನ್ನ ಹೆಂಡತಿ ತಲೆಯಾಡಿಸಿದ ಮೇಲೇ ನಮ್ಮಮ್ಮ ಊಟಕ್ಕೆ ಎದ್ದಿದ್ದು.