ಲಕೋಟೆಯ ಬೆನ್ನು ಓದುತ್ತಿದ್ದವರು

ಅವರ ಬಲಗಣ್ಣಿನ ಸುತ್ತ ಒಂದು ಉಂಗುರವಿತ್ತು. ವರ್ಷಗಟ್ಟಲೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು ಅಲ್ಲಿ ಚರ್ಮವೇ ಗುಂಡಗೆ ತಗ್ಗಾಗಿತ್ತು. ಚಿತ್ರದುರ್ಗದ ಸಂತೆಪೇಟೆಯಲ್ಲಿ ಗಡಿಯಾರ ರಿಪೇರಿ ಅವರ ಕಸುಬು; ಹಳೆಯ ಏರ್‌ಮೇಲ್ ಲಕೋಟೆಗಳು ಅವರ ಹುಚ್ಚು. ಎಲ್ಲರೂ ಅಂಚೆಚೀಟಿಗೆ ಆಸೆಪಟ್ಟರೆ ಇವರು ಲಕೋಟೆಯನ್ನು ಮಗುಚಿ ಹಾಕುತ್ತಿದ್ದರು. "ಮುಖ ಆಮ್ಯಾಲೆ ಮೇಡಂ, ಮೊದ್ಲು ಬೆನ್ನು. ಕಾಗದ ಯಾವ್ಯಾವ ಊರು ಸುತ್ತೈತೋ ಅಲ್ಲಿ ಠಸ್ಸೆ ಬಿದ್ದಿರ್ತೈತೆ." ಗಿರಾಕಿಗಳು ಕಾಯುತ್ತಿದ್ದರೂ ಕೈರೋ, ಕರಾಚಿ ಎನ್ನುತ್ತ ಬೆರಳಲ್ಲೇ ವಿಮಾನ ಹಾರಿಸುತ್ತಿದ್ದರು.

ಒಮ್ಮೆ ಅಪ್ಪನ ಟ್ರಂಕಿನಲ್ಲಿ ಸಿಕ್ಕ ಲಕೋಟೆಯೊಂದನ್ನು ಅವರಿಗೆ ಒಯ್ದೆ. ನೈರೋಬಿಯಲ್ಲಿದ್ದ ದೊಡ್ಡಪ್ಪ ನನ್ನ ಅತ್ತೆಗೆ, ಅಂದರೆ ತನ್ನ ತಂಗಿಗೆ, ಮದುವೆಯ ಹಾರೈಕೆ ಬರೆದಿದ್ದರು. ಅದು ತಲುಪಿದ್ದು ಮದುವೆಯಾಗಿ ಮೂರು ತಿಂಗಳಿಗೆ. ಒಳಗೆ ತಾರೀಖಿಲ್ಲ, ತಾರೀಖಿನ ಠಸ್ಸೆ ಬಿದ್ದಿದ್ದ ಸ್ಟ್ಯಾಂಪನ್ನು ಯಾರೋ ಕಿತ್ತುಕೊಂಡಿದ್ದರು. ಅಣ್ಣನಿಗೆ ತನ್ನ ನೆನಪಾಗಿದ್ದೇ ತಡವಾಗಿ ಎಂದು ನೊಂದ ಅತ್ತೆ ಅವರೊಡನೆ ಮಾತು ಬಿಟ್ಟರು. ದೊಡ್ಡಪ್ಪ ಅಲ್ಲೇ ತೀರಿಹೋದರು.

ಲಕೋಟೆಯ ಬೆನ್ನಿಗೆ ಕಣ್ಣಿಟ್ಟು ಕೂತಿದ್ದವರು ಸ್ಟೂಲು ಉರುಳುವಂತೆ ಎದ್ದರು. "ಯಾ ಖುದಾ! ಬರ್ರಿ, ನೋಡ್ರಿ ಇಲ್ಲಿ!"

ಮಾಸಿದ ಮೂರು ಠಸ್ಸೆ. ಮೊದಲನೆಯದು ಬೊಂಬಾಯಿ: ಮದುವೆಗೆ ಹದಿನೆಂಟು ದಿನ ಮುಂಚಿನ ತಾರೀಖು! ಕೊನೆಯದು ಹೊಸದುರ್ಗ. ನಡುವಿನದು?

"ಚಿತ್ತಗಾಂಗ್! ಆಗ ನಮ್ಮ ಚಿತ್ರದುರ್ಗ ಜಿಲ್ಲೇನ ಇಂಗ್ಲೀಷಲ್ಲಿ ಚಿತಲ್‌ಡ್ರಗ್ ಅಂತ ಬರೀತಿದ್ರಲ್ಲ? ಅವಸ್ರದಾಗೆ ಯಾರೋ ತಪ್ಪು ಓದ್ಕಂಡು ಬಂಗಾಳದ ಆ ತುದಿಗೆ ಕಳಿಸವ್ರೆ. ಅಣ್ಣ ತಡ ಮಾಡಿಲ್ಲ ಮೇಡಂ, ಕಾಗದ ದಾರಿ ತಪ್ಪೈತೆ!"

ಅವರು ಆಗಲೇ ಷಟರ್ ಎಳೆಯುತ್ತಿದ್ದರು. "ಅತ್ತೆಮ್ಮ ಇನ್ನೂ ಅವ್ರೆ ಅಲ್ವಾ? ನಡೀರಿ, ಹೋಗಾಣ."

ಹೊಸದುರ್ಗದ ಹತ್ತಿರದ ಮಾಡದಕೆರೆಯಲ್ಲಿ ಎಂಬತ್ತೆಂಟರ ಅತ್ತೆಯ ಪಕ್ಕ ಕೂತು ಒಂದೊಂದೇ ಠಸ್ಸೆ ಓದಿ ಹೇಳಿದರು. "ಮೊದ್ಲೇ ಬರ್ದಿದ್ನಾ?" ಅತ್ತೆ ಮೂರು ಸಲ ಕೇಳಿದರು. ಆಮೇಲೆ ಅಳುತ್ತಳುತ್ತಲೇ ನಕ್ಕರು. ಅಣ್ಣ ಈಜು ಕಲಿಸಿದ್ದು, ಹುಣಸೆಕಾಯಿ ಕದ್ದು ತಂದು ಕೊಟ್ಟಿದ್ದು, ಆವರೆಗೆ ನಾನು ಕೇಳಿರದ ಎಷ್ಟೋ ಸಂಗತಿಗಳು ಆ ಸಂಜೆ ಹೊರಬಂದವು.

ಹೊರಡುವಾಗ ಅತ್ತೆ ಲಕೋಟೆಯನ್ನು ಅವರ ಕೈಗಿತ್ತರು. ಅಂಥದೊಂದು ಅವರ ಸಂಗ್ರಹದಲ್ಲಿ ಇರಲಿಲ್ಲ, ಕಣ್ಣು ಮಿನುಗಿದ್ದು ನಾನು ಕಂಡೆ. ಆದರೂ ವಾಪಸ್ಸು ಕೊಟ್ಟರು. "ಬ್ಯಾಡಮ್ಮ. ಇವತ್ತು ಮನೆ ಸೇರೈತೆ, ಮತ್ತೆ ಯಾಕೆ ಹೊರಡಿಸ್ತೀರಿ?"

ಕಳೆದ ವರ್ಷ ಅವರು ತೀರಿಕೊಂಡರು. ಬಾಗಿಲು ದಾಟಿ ಎಷ್ಟೋ ದಿನವಾಗಿದ್ದ ಅತ್ತೆ ಕಾರು ಹತ್ತಿ ಬಂದು ಅವರ ಹೆಂಡತಿಯ ಕೈ ಹಿಡಿದುಕೊಂಡರು. "ಯಾರು ನೀವು?" ಎಂದು ಆಕೆ ಕೇಳಿದರು.

"ನನ್ನ ಅಣ್ಣನ್ನ ನನಗೆ ತಂದುಕೊಟ್ಟಾರಮ್ಮ ನಿನ್ನ ಯಜಮಾನ್ರು" ಎಂದರು ಅತ್ತೆ.