ಟೀವಿಯಲ್ಲಿ ಸತ್ತ ಮುದುಕಿ ಪೇಪರಿನಲ್ಲಿ ಬದುಕಿದ್ದಳು

ಆಗ ನನಗೆ ಅರವತ್ತೆರಡು. ಒಂಬತ್ತು ವರ್ಷದ ಹಿಂದಿನ ಮಾತು. ಬಳ್ಳಾರಿಯ ನಮ್ಮ ಓಣಿಯಲ್ಲಿ ಹೆಂಗಸರಿಗೆಲ್ಲ ಒಂದೇ ಕೆಲಸ: ಹೊಲಿದು ಬಂದ ಜೀನ್ಸ್ ಪ್ಯಾಂಟುಗಳಲ್ಲಿ ಉಳಿದ ದಾರ ಕತ್ತರಿಸುವುದು. ನಾನೂ ಪಕ್ಕದ ಮನೆಯ ಆಪಾಳೂ ನನ್ನ ಪಡಸಾಲೆಯಲ್ಲಿ ಎದುರುಬದುರು ಕೂತು ಕತ್ತರಿಸುತ್ತಿದ್ದೆವು. ಪ್ಯಾಂಟಿನ ನೀಲಿ ಬೆರಳಿಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ.

ಆಪಾಳಿಗೆ ಯಾವುದೋ ಜ್ವರದಲ್ಲಿ ಕಿವಿ ಹೋಗಿತ್ತು. ಮಾತು, ಓದು ಎರಡೂ ಗಟ್ಟಿ. ನನಗೆ ಕಿವಿ ಚುರುಕು, ಓದು ಇಲ್ಲ. ಒಂದನೇ ಕ್ಲಾಸಿನಲ್ಲೇ, ತಮ್ಮನನ್ನು ಎತ್ತಿಕೊಂಡು ತಿರುಗಲು ಆಳಿಲ್ಲವೆಂದು ಶಾಲೆ ಬಿಡಿಸಿದ್ದರು. ಬಿಡಿ ಅಕ್ಷರ ಗೊತ್ತು, ಒತ್ತಕ್ಷರ ಬಂದರೆ ಅಲ್ಲೇ ನಿಂತುಬಿಡುತ್ತಿದ್ದೆ.

ಶನಿವಾರ ಸಂಜೆ ಟೀವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಭೂಮಿ ಕೆಟ್ಟುಹೋದ ಮೇಲೆ ಒಂದಷ್ಟು ಜನ ದೊಡ್ಡ ಹಡಗು ಹತ್ತಿ, ಆಕಾಶದಲ್ಲಿ ಬೇರೆ ನೆಲ ಹುಡುಕುತ್ತ ಹೋಗುವ ಕತೆ. ಆ ಹಡಗಿನಲ್ಲಿ ಬೀಜ ಕಾಯುವ ಮುದುಕಿ ಇದ್ದಳು. ನಮಗೆ ಬೇಕಾದವಳು ಅವಳೊಬ್ಬಳೇ. ಉಳಿದವರು ಬರೀ ಗುಂಡಿ ಒತ್ತುವವರು. ಎಲ್ಲರ ಮಾತನ್ನೂ ನಾನು ತುಟಿ ಆಡಿಸಿ, ಕೈ ಮಾಡಿ ಆಪಾಳಿಗೆ ಹೇಳುತ್ತಿದ್ದೆ. ಮರುದಿನ ಭಾನುವಾರದ ಪೇಪರಿನಲ್ಲಿ ಅದೇ ಕತೆ ನಾಲ್ಕು ಚೌಕದ ಚಿತ್ರವಾಗಿ ಬರುತ್ತಿತ್ತು. ಅದನ್ನು ಆಪಾ ಓಣಿಗೆಲ್ಲ ಕೇಳುವ ಹಾಗೆ ನನಗೆ ಓದುತ್ತಿದ್ದಳು.

ಎರಡೂ ಸರಿಯಾಗಿ ಹೊಂದುತ್ತಿರಲಿಲ್ಲ. ಟೀವಿಯಲ್ಲಿ ಬೀಜ ತಗಡಿನ ಡಬ್ಬಿಯಲ್ಲಿ, ಪೇಪರಿನಲ್ಲಿ ಕೆಂಪು ಗಂಟಿನಲ್ಲಿ. ಪೇಪರಿನವನು ಮುದುಕಿಗೆ ಗಿಣಿಮೂಗು ಬರೆದಿದ್ದ. ಅದಕ್ಕೆಲ್ಲ ನಾವು ನಗುತ್ತಿದ್ದೆವು, ಜಗಳಾಡುತ್ತಿರಲಿಲ್ಲ.

ಒಂದು ಶನಿವಾರ ಹಡಗಿನ ಭಾರ ಹೆಚ್ಚಾಯಿತು. ಮುದುಕಿ ಡಬ್ಬಿಯನ್ನು ಒಬ್ಬಳ ಕೈಗಿಟ್ಟು, ಬಾಗಿಲು ತೆಗೆಸಿ ಹೊರಗೆ ನಡೆದಳು. ಪರದೆಯ ತುಂಬ ಬಿಳಿ ಬೆಳಕು. ಒಳಗಿದ್ದವರು ಅತ್ತರು. "ಸತ್ತಳು" ಎಂದು ನಾನು ಕೈ ತಿರುವಿದೆ. ಮರುದಿನ ಆಪಾ ಪೇಪರು ತಂದು ನನ್ನ ಮುಖಕ್ಕೆ ಹಿಡಿದಳು.

"ಎಲ್ಲಿ ಸತ್ತಾಳ? ನೆಲಕ್ಕ ಇಳದಾಳ ನೋಡು. ಬಿತ್ತಾಕ ಹತ್ಯಾಳ."

"ನನ್ನ ಕಿವೀಲೆ ಕೇಳೀನಿ ಆಪಾ. ಹೊರಗ ಗಾಳಿ ಇಲ್ಲ, ಹೋದ್ರ ಸಾಯ್ತೀನಿ ಅಂತ ಆಕೀನೇ ಅಂದ್ಲು."

"ಹಂಗಾರ ಪೇಪರ್ ಸುಳ್ಳೇನು?"

"ಪೇಪರ್ ಏನೈತೋ ನಂಗೇನು ಗೊತ್ತು? ನೀ ಓದಿದ್ದಷ್ಟ ಗೊತ್ತು."

ಆ ಮಾತು ಆಡಬಾರದಿತ್ತು. ಆಡಿದ್ದಕ್ಕೊಂದು ಕಾರಣವಿತ್ತು. ನನ್ನ ತಾಯಿ ತೀರಿಕೊಂಡಾಗ ತವರು ಕುರುಗೋಡಿನಿಂದ ಬಂದ ಕಾಗದವನ್ನು ಗಂಡನ ಮನೆಯವರು "ಎಲ್ಲ ಕ್ಷೇಮ" ಎಂದು ಓದಿ ಹೇಳಿದ್ದರು. ಮನೆಯಲ್ಲಿ ಮದುವೆ ಇತ್ತು, ಮುಗಿಯಲಿ ಎಂದು. ಅಂದಿನಿಂದ ಯಾರೇ ಓದಿ ಹೇಳಿದರೂ ನನಗೆ ಒಳಗೊಳಗೆ ಅನುಮಾನ.

ಆಪಾಳಿಗೂ ಅವಳದೇ ಗಾಯ. ಕಿವಿ ಹೋದ ಮೇಲೆ ಮನೆಯವರು ನಕ್ಕಾಗ ಏನೆಂದು ಕೇಳಿದರೆ "ಏನಿಲ್ಲ" ಅನ್ನುತ್ತಿದ್ದರಂತೆ.

"ಇಷ್ಟು ದಿನ ಕೈ ತಿರುವಿದ್ದೆಲ್ಲಾ ನಿನ್ನ ಮನಸಿಗೆ ಬಂದಿದ್ದೇನ್ಲೇ? ಕಿವುಡಿ, ಏನ್ ಹೇಳಿದ್ರೂ ನಡೀತೈತಿ ಅಂತ?" ಅಂದಳು. ಆಮೇಲೆ ಕಣ್ಣು ಮುಚ್ಚಿದಳು. ಕಿವಿ ಕೇಳದವಳು ಕಣ್ಣು ಮುಚ್ಚಿದರೆ ಅವಳ ಜತೆ ಮಾತಾಡಲು ದಾರಿಯೇ ಇಲ್ಲ. ಕತ್ತರಿ, ಪೇಪರು ಅಲ್ಲೇ ಬಿಟ್ಟು ಎದ್ದುಹೋದಳು. ಎರಡು ದಿನಕ್ಕೆ ಸಿರುಗುಪ್ಪದ ಮಗಳ ಮನೆ ಸೇರಿದಳು. ಇನ್ನು ಬಳ್ಳಾರಿಗೆ ಬರುವುದಿಲ್ಲವೆಂದು ಹೇಳಿಹೋದಳೆಂದು ಓಣಿಯವರು ಅಂದರು.

ಇಡೀ ದಿನ ಎದುರಿಗೆ ಕೂರುವ ಬೇರೆ ಜನ ನನಗೆ ಯಾರೂ ಇರಲಿಲ್ಲ. ಆ ಪೇಪರಿನ ತುಂಡನ್ನು ಗೋಡೆಗೆ ಒರಗಿಸಿ, ಒಂದು ಪ್ಯಾಂಟು ಮುಗಿದರೆ ಒಂದು ಅಕ್ಷರ ಎಂದು ಶುರು ಮಾಡಿದೆ. ಟೀವಿ ನಾನು ಹಿಡಿಯುವುದರೊಳಗೆ ಓಡಿಹೋಗುತ್ತದೆ. ಚಿತ್ರ ಹಾಗಲ್ಲ, ಮೂರು ವಾರವಾದರೂ ಮುದುಕಿ ಬಗ್ಗಿದಲ್ಲೇ ಬಗ್ಗಿ ಕಾದಳು. ಆದರೆ ಅವಳ ಬಾಯಿಯ ಮಾತಿನಲ್ಲಿ ಬರೀ ಒತ್ತಕ್ಷರ.

ಪೇಪರು ಹಿಡಿದು ಕುರುಗೋಡಿನ ತಂಗಿಯ ಮನೆಗೆ ಹೋದೆ. ತಂಗಿಯ ಮಗಳು ಶಾಲೆಯ ಟೀಚರು. "ಕೊಡು ದೊಡ್ಡವ್ವ, ಓದಿ ಹೇಳ್ತೀನಿ," ಎಂದು ಕೈ ಚಾಚಿದಳು.

"ನೀ ಓದಬ್ಯಾಡ. ಒತ್ತು ಹೆಂಗ್ ಹಿಡೀಬೇಕು ಅದನ್ನಷ್ಟ ಹೇಳು."

ಸ್ಲೇಟಿನ ಮೇಲೆ ಬರೆದು ಕೊಟ್ಟಳು. ನಾಲ್ಕು ದಿನ ತಿದ್ದಿದೆ. ಶನಿವಾರ ಬೆಳಿಗ್ಗೆ ಮುದುಕಿಯ ಮಾತು ತಾನಾಗಿ ಬಿಡಿಸಿಕೊಂಡಿತು: "ಮಣ್ಣು ಒದ್ದೆ ಇದೆ. ಬಿತ್ತಬಹುದು." ಆಪಾ ಓದಿದ್ದು ಇದನ್ನೇ. ಒಂದಕ್ಷರ ಸುಳ್ಳಿರಲಿಲ್ಲ.

ಅಲ್ಲಿಂದಲೇ ಸಿರುಗುಪ್ಪದ ಬಸ್ಸು ಹತ್ತಿದೆ. ಆಪಾ ಮಗಳ ಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡವಳೇ ಕಣ್ಣು ಮುಚ್ಚಿದಳು. ನಾನು ಪೇಪರನ್ನು ಅವಳ ಮೊರದೊಳಗೆ, ಅಕ್ಕಿಯ ಮೇಲೆ ಇಟ್ಟು ಕೂತೆ. ಎಷ್ಟು ಹೊತ್ತು ಮುಚ್ಚಿಯಾಳು? ತೆಗೆದಾಗ ಕಂಡದ್ದು ಪ್ರತಿ ಅಕ್ಷರದ ಕೆಳಗೆ ನನ್ನ ಬೆರಳಿನ ನೀಲಿ.

"ಯಾರು ಓದಿಸಿದ್ರು?"

"ನಾನೇ ಓದೀನಿ. ನೀ ಖರೇನ ಓದಿದ್ದಿ ಆಪಾ. ತಪ್ಪು ನಂದು."

ಅವಳು ಪೇಪರಿನ ಮೇಲಿನ ಅಕ್ಕಿ ಕೊಡವಿದಳು. "ನಾನೂ ಮೂರು ವಾರ ಟೀವಿ ನೋಡೀನಿ. ಆ ಮುದುಕಿ ತಿರುಗಿ ಬರ್ಲೇ ಇಲ್ಲ. ಡಬ್ಬಿ ಆ ಇನ್ನೊಬ್ಬಾಕಿ ಹತ್ರಾನ ಐತಿ. ಸತ್ತಿದ್ದು ಖರೇ."

"ಪೇಪರ್ನಾಗ ಬದುಕ್ಯಾಳ."

"ಪೇಪರ್ನವನಿಗೆ ಮೂಗು ಬರಿಯಾಕ ಬರಂಗಿಲ್ಲ, ಬುದ್ಧಿ ಐತಿ," ಅಂದಳು ಆಪಾ. ಮಗಳಿಗೆ ಚಹಾ ಇಡಲು ಹೇಳಿದಳು.

ಕತೆಯನ್ನು ಎರಡು ಥರ ಯಾಕೆ ಮಾಡಿದರೋ ನನಗೆ ಇಂದಿಗೂ ಗೊತ್ತಿಲ್ಲ. ಟೀವಿಯವನೂ ಪೇಪರಿನವನೂ ಒಂದೇ ಥರ ಮಾಡಿದ್ದರೆ ನಾನು ಇಂದಿಗೂ ಬೇರೆಯವರ ಬಾಯಿ ನೋಡುತ್ತ ಕೂತಿರುತ್ತಿದ್ದೆ. ಮುಖ ಕಾಣದ ಆ ಇಬ್ಬರಿಗೂ ನಾನು ಋಣಿ. ಹೆಚ್ಚಿನ ಋಣ ಆಪಾಳದು. ಕಣ್ಣು ಮುಚ್ಚಿಯೇ ಕೂರಬಹುದಿತ್ತು, ತೆರೆದಳು.

ಅಂದೇ ಇಬ್ಬರೂ ಬಳ್ಳಾರಿಗೆ ಬಂದೆವು. ಮರುದಿನ ಬೆಳಿಗ್ಗೆ ನಾನೇ ಅಂಗಡಿಗೆ ಹೋಗಿ ಪೇಪರು ತಂದೆ. ಆಪಾಳ ಕತ್ತರಿ ಆಪಾಳ ಕೈಗೆ ಕೊಟ್ಟು, ಎದುರಿಗೆ ಕೂತು, ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಅವಳಿಗೆ ಕೇಳುವುದಿಲ್ಲ, ನನ್ನ ಬೆರಳು ನೋಡುತ್ತಿದ್ದಳು. ಎಲ್ಲಿ ಅಕ್ಷರ ಹಾರಿಸಿದೆನೋ ಅಲ್ಲಿ ಕತ್ತರಿಯ ಹಿಡಿಯಿಂದ ಬೆರಳಿಗೆ ಒಂದು ಕೊಟ್ಟಳು.