ಏಳನ್ನು ಎರಡು ಮಾಡಿದ ಸಭೆ

ಚೇತನಾ ಗದಗಿನವರು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಡೆಟ್ರಾಯಿಟ್‌ನಲ್ಲಿ ಪಿಎಚ್‌ಡಿ ಮುಗಿಸಿ, ಹದಿನೇಳು ವರ್ಷಗಳಿಂದ ಅಲ್ಲಿಯ ಒಂದು ಕ್ಯಾನ್ಸರ್ ಕ್ಲಿನಿಕ್ಕಿನಲ್ಲಿ ಫಿಸಿಸಿಸ್ಟ್ ಆಗಿದ್ದಾರೆ. ರೋಗಿಗೆ ಕೊಡುವ ವಿಕಿರಣ ಎಷ್ಟು, ಎಲ್ಲಿಗೆ ಎಂಬುದನ್ನು ಪರೀಕ್ಷಿಸುವುದು ಅವರ ಕೆಲಸ. ಗಂಡ ಬಸವ ಕಾರು ಕಂಪನಿಯಲ್ಲಿ ಬ್ರೇಕ್ ವಿಭಾಗದ ಎಂಜಿನಿಯರ್. ಮನೆ ಹತ್ತಿರದ ನೋವೈ ಎಂಬ ಊರಿನಲ್ಲಿ.

ಕಳೆದ ವರ್ಷ ಕ್ಲಿನಿಕ್ಕಿಗೆ ಹೊಸ ಪದ್ಧತಿ ಬಂತು. ಎಲ್ಲವನ್ನೂ ಒಂದೇ ಸಮನೆ ಪರೀಕ್ಷಿಸುವ ಬದಲು, ಅಪಾಯ ಹೆಚ್ಚಿರುವ ಕಡೆ ಹೆಚ್ಚು ಗಮನ ಕೊಡುವುದು. ಆಗಬಹುದಾದ ಪ್ರತಿ ತಪ್ಪಿಗೂ ಒಂದರಿಂದ ಹತ್ತರೊಳಗೆ ಮೂರು ಅಂಕ: ಅದು ಎಷ್ಟು ಸಲ ಆಗಬಹುದು, ಆದಾಗ ಎಷ್ಟು ಹಾನಿ, ಕಣ್ಣಿಗೆ ಬೀಳದೆ ಹೋಗುವ ಸಂಭವ ಎಷ್ಟು. ಮೂರನ್ನೂ ಗುಣಿಸಿದಾಗ ನೂರು ದಾಟಿದರೆ ಪರೀಕ್ಷೆ ಉಳಿಯುತ್ತದೆ. ಚೇತನಾಗೆ ಇದು ಮನಸ್ಸಿಗೆ ಒಪ್ಪಿದ ವಿಚಾರ. ಆರು ವಾರ ಕೂತು ತೊಂಬತ್ತೊಂದು ತಪ್ಪುಗಳಿಗೆ ಅಂಕ ಹಾಕಿದರು. ಬೆನ್ನೆಲುಬಿನ ಒಂದು ಮಣಿಗೆ ಕೊಡಬೇಕಾದ ವಿಕಿರಣ ಪಕ್ಕದ ಮಣಿಗೆ ಹೋಗುವ ತಪ್ಪಿಗೆ ನಾಲ್ಕು, ಎಂಟು, ಏಳು. ಗುಣಿಸಿದರೆ ಇನ್ನೂರ ಇಪ್ಪತ್ನಾಲ್ಕು. ಎಕ್ಸ್‌ರೇಯಲ್ಲಿ ಮಣಿಗಳೆಲ್ಲ ಒಂದೇ ಥರ ಕಾಣುತ್ತವೆ. ಮೊದಲ ದಿನ ಫಿಸಿಸಿಸ್ಟ್ ಎದುರು ನಿಂತು ಮಣಿಗಳನ್ನು ಎಣಿಸಲೇಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು.

ಅಂತಿಮ ಸಭೆಯಲ್ಲಿ ಪರದೆಯ ಮೇಲೆ ಆ ತಪ್ಪಿನ ಸಾಲಿನಲ್ಲಿ ಏಳು ಇದ್ದ ಜಾಗದಲ್ಲಿ ಎರಡಿತ್ತು. ಗುಣಲಬ್ಧ ಅರವತ್ನಾಲ್ಕಕ್ಕೆ ಇಳಿದು, ಮೊದಲ ದಿನದ ಪರೀಕ್ಷೆ ಪಟ್ಟಿಯಿಂದ ಬಿದ್ದುಹೋಗಿತ್ತು. ಬದಲಿಸಿದವರು ಗುಣಮಟ್ಟ ವಿಭಾಗದ ಮುಖ್ಯಸ್ಥ ಜಯಸಿಂಹ, ಮೈಸೂರಿನವರು. ಸಭೆ ಮುಗಿದ ಮೇಲೆ ಚೇತನಾ ಕೇಳಿದಾಗ ಅವರು ನಕ್ಕರು.

“ಡಾಕ್ಟರ್ ಇಮೇಜ್ ನೋಡೇ ನೋಡ್ತಾರಲ್ಲ, ಕಣ್ಣಿಗೆ ಬೀಳದೆ ಎಲ್ಲಿ ಹೋಗುತ್ತೆ? ಎಲ್ಲಾದಕ್ಕೂ ನಾವೇ ಹೋಗಿ ನಿಂತ್ಕೊಂಡ್ರೆ ಇದನ್ನ ರಿಸ್ಕ್ ಬೇಸ್ಡ್ ಅಂತ ಯಾಕೆ ಕರೀಬೇಕು?”

ಡಾಕ್ಟರುಗಳು ಅರ್ಧ ದಿನದ ಚಿತ್ರಗಳಿಗೆ ಚಿಕಿತ್ಸೆ ಮುಗಿದ ಮೇಲೆ ಒಟ್ಟಿಗೆ ಒಪ್ಪಿಗೆ ಒತ್ತುತ್ತಿದ್ದುದು ಇಬ್ಬರಿಗೂ ಗೊತ್ತಿತ್ತು. ಚೇತನಾ ವಾದಿಸಿದರು, ಇಮೇಲ್ ಬರೆದರು. ಕಡೆಗೆ ಸಾಕಾಗಿ ಬದಲಾದ ಪಟ್ಟಿಗೆ ಸಹಿ ಹಾಕಿದರು.

ಅಕ್ಟೋಬರ್‌ನಲ್ಲಿ ಪಕ್ಕದ ಊರು ಹ್ಯಾಮ್‌ಟ್ರಾಮಿಕ್‌ನ ಒಬ್ಬ ನಿವೃತ್ತ ಬಸ್ ಚಾಲಕಿ ಚಿಕಿತ್ಸೆಗೆ ಬಂದರು. ಕ್ಯಾನ್ಸರ್ ಬೆನ್ನೆಲುಬಿನ ಎದೆಭಾಗದ ಹತ್ತನೆಯ ಮಣಿಗೆ ಹಬ್ಬಿ, ಕೂರಲಾಗದಷ್ಟು ನೋವು. ಐದು ದಿನದ ಚಿಕಿತ್ಸೆ. ಮೂರನೆಯ ದಿನ ಬೆಳಿಗ್ಗೆ ವಾರಕ್ಕೊಮ್ಮೆ ತೆರೆಯುವ ಕಡತ ನೋಡುತ್ತಿದ್ದ ಚೇತನಾ, ಮಣಿ ಯಾವುದೆಂದು ತಿಳಿಯಲು ಚಿತ್ರದಲ್ಲಿ ಅದಕ್ಕೆ ಸೇರುವ ಪಕ್ಕೆಲುಬುಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಎರಡು ದಿನವೂ ವಿಕಿರಣ ಹೋಗಿದ್ದು ಹನ್ನೊಂದನೆಯ ಮಣಿಗೆ.

ಚಿಕಿತ್ಸೆ ನಿಲ್ಲಿಸಿ ಜಯಸಿಂಹರ ಕೋಣೆಗೆ ಹೋದರು. ಅವರು ಚಿತ್ರ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: “ಆ ಮಣಿಗೂ ಇವತ್ತಲ್ಲ ನಾಳೆ ಹಬ್ತಿತ್ತು. ಮುಂಜಾಗ್ರತೆಗೆ ಕೊಟ್ವಿ ಅಂದ್ಕೊಳ್ಳೋಣ.”

“ನೀವು ಅಂದ್ಕೋರಿ,” ಎಂದರು ಚೇತನಾ. “ನಾ ವರದಿ ಬರೀತೀನಿ.”

ಅಂದೇ ವರದಿ ಬರೆದರು. ರೋಗಿಗೆ ವಿಷಯ ತಿಳಿಸುವಾಗ ಡಾಕ್ಟರ ಪಕ್ಕದಲ್ಲಿ ತಾವೂ ಕೂತರು. ಆಕೆ ಕೂಗಾಡಲಿಲ್ಲ. ಎರಡು ದಿನದಿಂದ ನೋವು ಹೆಚ್ಚಾಗಿದೆ ಎಂದಾಗ, ಶುರುವಿನಲ್ಲಿ ಹಾಗಾಗುವುದು ಸಹಜ ಎಂದು ಎಲ್ಲರೂ ಸಮಾಧಾನ ಹೇಳಿದ್ದರಂತೆ. ಹಾಗಾದರೆ ನಾನು ಹೇಳಿದ್ದು ನಿಜವೇ ತಾನೇ ಎಂದು ಕೇಳಿದರು. ಹೌದು ಎಂದರು ಚೇತನಾ. ಸರಿಯಾದ ಜಾಗಕ್ಕೆ ಚಿಕಿತ್ಸೆ ಮತ್ತೆ ಶುರುವಾಯಿತು. ಮೂರು ವಾರದಲ್ಲಿ ಆಕೆ ಕುರ್ಚಿಯಲ್ಲಿ ಕೂತು ಊಟ ಮಾಡುವಂತಾದರು.

ಮೊದಲ ದಿನದ ಪರೀಕ್ಷೆ ಮರಳಿ ಬಂತು. ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ನಡೆದ ಫಿಸಿಸಿಸ್ಟರ ಸಮ್ಮೇಳನದಲ್ಲಿ ಜಯಸಿಂಹ ಅದನ್ನೇ ಯಶಸ್ಸಿನ ಕಥೆಯಾಗಿ ಹೇಳಿದರು. ಅನುಭವದಿಂದ ಕಲಿತು ನಮ್ಮ ತಂಡ ಅಂಕವನ್ನು ಅರವತ್ನಾಲ್ಕರಿಂದ ಇನ್ನೂರ ಇಪ್ಪತ್ನಾಲ್ಕಕ್ಕೆ ಏರಿಸಿತು ಎಂದರು. ಜನ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿದ್ದ ಚೇತನಾ ಎದ್ದು ಮೈಕಿನ ಹತ್ತಿರ ಹೋದರು. ಮೊದಲಿದ್ದ ಅಂಕವೇ ಇನ್ನೂರ ಇಪ್ಪತ್ನಾಲ್ಕು, ಪರೀಕ್ಷೆ ಕೈಬಿಡಲೆಂದೇ ಅದನ್ನು ಇಳಿಸಲಾಯಿತು, ಇಳಿಸಿದ ಕಾಗದಕ್ಕೆ ನಾನೂ ಸಹಿ ಹಾಕಿದ್ದೇನೆ ಎಂದು ಹೇಳಿ, ವಾಪಸು ಬಂದು ಕೂತರು. ಪ್ರಶ್ನೋತ್ತರ ಅಲ್ಲಿಗೇ ಮುಗಿಯಿತು.

ಬೇಸಿಗೆಯಲ್ಲಿ ಜಯಸಿಂಹರಿಗೆ ಬಡ್ತಿ ಸಿಕ್ಕಿತು. ಈಗ ಮೂರು ಕ್ಲಿನಿಕ್ಕುಗಳ ಗುಣಮಟ್ಟ ಅವರ ಕೈಯಲ್ಲಿದೆ. ಚೇತನಾ ಕೆಲಸ ಬಿಟ್ಟಿಲ್ಲ. ಮೊದಲ ದಿನದ ರೋಗಿಗಳಿಗೆ ತಾವೇ ಹೋಗಿ ನಿಲ್ಲುತ್ತಾರೆ. ಇಷ್ಟು ಅಸಹ್ಯಪಟ್ಟುಕೊಂಡು ಅಲ್ಲೇ ಯಾಕೆ ಇರಬೇಕು, ಬೇರೆ ಕಡೆ ಅಪ್ಲೈ ಮಾಡು ಎಂದು ಬಸವ ಒಂದು ಭಾನುವಾರ ಹೇಳಿದರು.

“ಅವ್ರ ಮ್ಯಾಲಿನ ಸಿಟ್ಟು ಇಳದದ,” ಎಂದರು ಚೇತನಾ. “ಆ ಕಾಗದದ ಮ್ಯಾಲೆ ನನ್ನ ಸಹಿ ನೋಡಿದಾಗ ಬರೋ ಹೇಸಿಗಿ ಇಳಿವಲ್ದು. ಬ್ಯಾರೆ ಕಡೆ ಹೋದ್ರ ಅದು ಬಿಡ್ತದೇನು?”